ನಾಯಿಯ ರಕ್ತ ನಾಯಿಗೆ

ಸುಟ್ಟ ಕೂದಲಿನ ವಾಸನೆ ಅಂಗಳದಿಂದ ಅಡುಗೆಮನೆಯವರೆಗೂ ಹಬ್ಬಿತ್ತು. ಕೋವಿ ಕತ್ತಿಗಳಿಗೆ ಪೂಜೆ ಮಾಡುವ ಕೈಲ್‌ಮುಹೂರ್ತ ಕಳೆದ ಮೇಲಿನ ಮೊದಲ ಬೇಟೆ. ಕಾಡುಹಂದಿಯನ್ನು ಬಾಳೆಲೆಯ ಮೇಲೆ ಕೆಡವಿಕೊಂಡು ಪಕ್ಕದ ತೋಟದ ಬೋಜಪ್ಪ ಹೊಟ್ಟೆ ಸೀಳುತ್ತಿದ್ದ. ಗುಂಡು ಹೊಡೆದವನಿಗೆ ಎಷ್ಟು, ನಾಯಿ ಬಿಟ್ಟವನಿಗೆ ಎಷ್ಟು ಎಂದು ಪಾಲಿನ ಮಾತು ಜೋರಾಗಿ ನಡೆದಿತ್ತು. ಮನೆಯ ಯಜಮಾನ ದೇರಪ್ಪನ ಎರಡು ನಾಯಿಗಳು, ಕರಿಯ ಮತ್ತು ಚೂರಿ, ಕರುಳಿನ ತುಂಡೊಂದನ್ನು ಎರಡು ಕಡೆಯಿಂದ ಕಚ್ಚಿ ಎಳೆದಾಡುತ್ತಿದ್ದವು.

ಆಗಿನ್ನೂ ಕೊಡಗು ತನ್ನದೇ ಒಂದು ರಾಜ್ಯ, ಮೈಸೂರಿಗೆ ಸೇರಿರಲಿಲ್ಲ. ನಾಪೋಕ್ಲಿನಿಂದ ಒಂದು ಗುಡ್ಡ ಹತ್ತಿ ಇಳಿದರೆ ಸಿಗುವ ಆ ಊರಿನಲ್ಲಿ ದೇರಪ್ಪನಿಗೆ ಗದ್ದೆ ಇತ್ತು, ಕಾಫಿ ತೋಟವೂ ಇತ್ತು. ಆದರೆ ಜನ ಅವನ ಹೆಸರು ಹೇಳುತ್ತಿದ್ದುದು ನಾಯಿಗಳ ಜೊತೆ ಸೇರಿಸಿಯೇ. ಅಂಥ ನಾಯಿ ಸುತ್ತಲ ಊರುಗಳಲ್ಲಿ ಇರಲಿಲ್ಲ. ಅದಕ್ಕೆ ಕಾರಣ ತನ್ನ ಮನೆಯ ಕ್ರಮ ಎಂದು ದೇರಪ್ಪ ನಂಬಿದ್ದ. ಬೇಟೆ ಮುಗಿದ ಸಂಜೆ ನಾಯಿಯ ಮೈಯಲ್ಲಿ ಕಚ್ಚಿ ರಕ್ತ ಹೀರುವ ಉಣುಗುಗಳನ್ನು ಹೆಕ್ಕಬೇಕು. ಹೆಕ್ಕಿದ್ದನ್ನು ಎಸೆಯಬಾರದು, ಬೆಂಕಿಗೂ ಹಾಕಬಾರದು. ಹೆಬ್ಬೆರಳ ಉಗುರುಗಳ ನಡುವೆ ಇಟ್ಟು ಒಡೆದು, ಬಂದ ರಕ್ತವನ್ನು ಆ ನಾಯಿಯ ನೆತ್ತಿಗೇ ಒರೆಸಬೇಕು. ನಾಯಿಯ ರಕ್ತ ನಾಯಿಗೆ ಮರಳದಿದ್ದರೆ ಮೂಗಿನ ಚುರುಕು ಹೋಗುತ್ತದೆ. ಅಜ್ಜ ಹಾಗೆ ಹೇಳಿದ್ದ, ಅಪ್ಪ ಹಾಗೇ ಮಾಡಿದ್ದ.

ಆ ಸಂಜೆ ಮಾತ್ರ ಅವನಿಂದ ಆಗುವಂತಿರಲಿಲ್ಲ. ಹಂದಿಯ ಕೋರೆ ತಾಗಿ ಎಡ ಅಂಗೈ ಸೀಳಿಹೋಗಿತ್ತು. ಜಗಲಿಯ ಮೇಲೆ ಕೈಗೆ ಬಟ್ಟೆ ಸುತ್ತಿಕೊಂಡು ಕೂತವನು, ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಿದ್ದ ಆಳಿನ ಹೆಂಗಸನ್ನು ಕೂಗಿದ.

"ಚಲುವಮ್ಮ, ಬಾ ಇಲ್ಲಿ. ಕರಿಯನ ಕಿವಿ ನೋಡು, ಕಾಫಿ ಗೊಂಚಲು ಬಿಟ್ಟ ಹಾಗೆ ಉಂಟು."

ಚಲುವಮ್ಮ ಹಾಸನದ ಕಡೆಯವಳು. ಗಂಡ ಸಣ್ಣಸ್ವಾಮಿಯ ಜೊತೆ ತೋಟದ ಕೆಳತುದಿಯ ಹುಲ್ಲಿನ ಮನೆಯಲ್ಲಿ ಇದ್ದಳು. ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ಬಂದು ದೂರವೇ ನಿಂತಳು.

"ನಂಗೆ ನಾಯಿ ಅಂದ್ರೆ ಹೆದರ್ಕೆ ಕಣ್ರಪ್ಪಾ. ನಮ್ಮೂರ್ ಕಡೆ ಇದನ್ನ ಕಿತ್ತು ಒಲೆಗೆ ಹಾಕ್ತೀವಿ."

"ನಿಮ್ಮೂರ ಕಡೆ ಬೇಟೆ ಉಂಟಾ? ಒಲೆಗೆ ಹಾಕಿದ್ರೆ ನಾಯಿಯ ಮೂಗನ್ನೇ ಸುಟ್ಟ ಹಾಗೆ. ಉಗುರಲ್ಲಿ ಒಡಿ, ನೆತ್ತಿಗೆ ಒರೆಸು."

ಕಳೆ ಕಿತ್ತು ಕಿತ್ತು ಅವಳ ಬೆರಳ ತುದಿಗಳೆಲ್ಲ ಬಿರಿದಿದ್ದವು. ಮುಖ ಹುಳ್ಳಗೆ ಮಾಡಿಕೊಂಡು ಕೂತಳು. ದೇರಪ್ಪನ ಮಗಳು ಯಮುನ ಬಾಗಿಲಿಗೆ ಒರಗಿ ನಗುತ್ತಿದ್ದಳು.

"ಕಣ್ಣು ಮುಚ್ಚಿ ಒಡಿ, ಚಲುವಕ್ಕ."

"ಕಣ್ ಮುಚ್ಕೊಂಡ್ರೆ ನಿಮ್ಮಪ್ಪನ ನಾಯಿ ನನ್ ಬೆರಳೇ ನುಂಗೀತು, ಸುಮ್ಕಿರವ್ವ."

ಟಪ್ ಎಂದು ಒಂದು ಒಡೆಯಿತು. ಕಪ್ಪು ರಕ್ತ ಅವಳ ಉಗುರಿನಿಂದ ಬೆರಳ ಬಿರುಕಿಗೆ ಇಳಿಯಿತು. ಇನ್ನೊಂದು, ಮತ್ತೊಂದು. ಕತ್ತಲಾಗುವ ಹೊತ್ತಿಗೆ ಎರಡು ನಾಯಿಗಳ ನೆತ್ತಿಯೂ ಕೆಂಪಾಗಿತ್ತು. ದೇರಪ್ಪನಿಗೆ ಸಮಾಧಾನವಾಯಿತು.

ಮುಂದಿನ ವಾರ ಚಲುವಮ್ಮ ಕೆಲಸಕ್ಕೆ ಬರಲಿಲ್ಲ. ಜ್ವರ ಎಂದರು. ಅದೇನು ದೊಡ್ಡ ವಿಷಯ ಎಂದು ದೇರಪ್ಪ ತಲೆಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಬೋಜಪ್ಪ ಓಡುತ್ತ ಬಂದ. ಹಿಂದೆ ನಾಲ್ಕಾರು ಜನ, ಎಲ್ಲರ ಕೈಯಲ್ಲೂ ದೊಣ್ಣೆ.

"ದೇರಪ್ಪಣ್ಣ, ನಿಮ್ಮ ಆಳಿನ ಹೆಂಗಸಿನ ಮೈಯೆಲ್ಲ ಕೆಂಪು ಚುಕ್ಕೆ ಉಟ್ಟು! ಅಂಗೈಲೂ ಉಟ್ಟು, ಅಂಗಾಲಿಲೂ ಉಟ್ಟು. ಅಮ್ಮ ಬಾತ್! ಊರಿಗೆ ಸಿಡುಬು ಬಾತ್!"

 ದೇರಪ್ಪ ಸಣ್ಣವನಿದ್ದಾಗ ಆ ಊರಿಗೆ ಅಮ್ಮ ಬಂದಿದ್ದಳು. ಹೆಣ ಹೊರಲು ಜನ ಸಿಗದೆ ಚಾಪೆಯಲ್ಲಿ ಸುತ್ತಿ ಎಳೆದುಕೊಂಡು ಹೋದದ್ದನ್ನು ಅವನು ಕಿಟಕಿಯ ಸಂದಿನಿಂದ ಕಂಡಿದ್ದ. ಆ ಚಾಪೆ ಕಲ್ಲಿಗೆ ಉಜ್ಜಿದ ಸದ್ದು ಅವನ ಕಿವಿಯಲ್ಲಿ ಈಗಲೂ ಇತ್ತು. ಅವನು ಒಳಗೆ ಹೋಗಿ ಗೋಡೆಯಿಂದ ಕೋವಿ ತೆಗೆದ.

ಹೆಂಡತಿ ಹೊನ್ನಮ್ಮ ಬಾಗಿಲಿಗೆ ಅಡ್ಡ ನಿಂತಳು. "ಎಲ್ಲಿಗೆ?"

"ಊರಿಂದ ಆಚೆ ಹಾಕಿಕೆ. ಮೈಸೂರು ಕಡೆಯವು ತಂದ ರೋಗ ಇದು."

"ಅವು ಊರಿಗೆ ಹೋಗಿ ವರ್ಷ ಆತ್. ಎಲ್ಲಿಂದ ತಂದವು? ಅವಳಿಗೆ ಎದ್ದು ನಿಲ್ಲಿಕೆ ಆಗದು, ಎಲ್ಲಿಗೆ ಹಾಕ್ತೀರಿ?"

"ಮನೇಲಿ ಮದುವೆಗೆ ಬಂದ ಗೂಡೆ ಉಟ್ಟು, ನಿನ್ನ ಮಗಳು. ನಾಳೆ ಅವಳ ಮುಖ ಕುಳಿ ಬಿದ್ದರೆ, ಜೀವ ಹೋದರೆ, ನೀನು ತಂದು ಕೊಡ್ತೀಯ? ದಾರಿ ಬಿಡು."

ಹೊನ್ನಮ್ಮ ಬಿಡಲಿಲ್ಲ. ಅವನು ಅವಳನ್ನು ಭುಜದಿಂದ ತಳ್ಳಿಯೇ ಹೋದ.

ಹುಲ್ಲಿನ ಮನೆಯ ಮುಂದೆ ಸಣ್ಣಸ್ವಾಮಿ ಕತ್ತಿ ಹಿಡಿದು ನಿಂತಿದ್ದ. ಯಾರ ಜೊತೆಗೂ ಗಟ್ಟಿಯಾಗಿ ಮಾತಾಡಿದವನಲ್ಲ. ಆ ಹೊತ್ತು ಅವನ ಕುತ್ತಿಗೆಯ ನರ ಉಬ್ಬಿತ್ತು.

"ಸಾಹುಕಾರ್ರೇ, ಜ್ವರ ಇಳಿಯಾಗಂಟ ಬಿಡಿ. ನಾವೇ ಹೊಂಟೋಯ್ತೀವಿ. ಈಗ ಅವಳಿಗೆ ಗ್ಯಾನ ಇಲ್ಲ."

"ನಡೆಯಕ್ಕಾಗದಿದ್ರೆ ಹೊತ್ಕೊಂಡ್ ಹೋಗು," ಎಂದ ಬೋಜಪ್ಪ.

"ಹತ್ರ ಬಂದ್ರೆ ಕಡೀತೀನಿ. ಯಾರಾದ್ರೂ ಸೈ."

ಕಲ್ಲೊಂದು ಹಾರಿಬಂದು ಸಣ್ಣಸ್ವಾಮಿಯ ಹಣೆಗೆ ಬಡಿಯಿತು. ಕಣ್ಣಿಗೆ ರಕ್ತ ಇಳಿದು ಅವನು ಕುರುಡನಂತೆ ಕತ್ತಿ ಬೀಸಿದ. ದೇರಪ್ಪ ಕೋವಿಯನ್ನು ತಿರುಗಿಸಿ ಹಿಡಿದು, ಅದರ ಹಿಂಬದಿಯಿಂದ ಅವನ ತೋಳಿಗೆ ಹೊಡೆದ. ಒಣ ಕೊಂಬೆ ಮುರಿದ ಸದ್ದಾಯಿತು. ಕತ್ತಿ ಕೆಳಗೆ ಬಿತ್ತು. ಆಮೇಲೆ ದೊಣ್ಣೆಗಳಿಗೆ ತಡೆಯೇ ಇರಲಿಲ್ಲ. ಬಿದ್ದವನ ಬೆನ್ನು, ತೊಡೆ, ಪಕ್ಕೆ ನೋಡದೆ ಬಡಿದರು. ಒಳಗಿನಿಂದ ಚಲುವಮ್ಮ ನೆಲಕ್ಕೆ ಕೈಯೂರಿ ತೆವಳುತ್ತ ಹೊಸ್ತಿಲು ದಾಟಿ ಬಂದಳು. ಅವಳ ಅಂಗೈಯ ಚುಕ್ಕೆ ಕಂಡು ಹೊಡೆಯುತ್ತಿದ್ದವರು ಹಿಂದಕ್ಕೆ ಹಾರಿದರು.

ಬೋಜಪ್ಪ ಸೂರಿಗೆ ಸೀಮೆಎಣ್ಣೆ ಎರಚಿ ಕಡ್ಡಿ ಗೀರಿದ. ಹುಲ್ಲು ಭುಗ್ಗೆಂದು ಹತ್ತಿಕೊಂಡಿತು. ಮನೆಯೊಳಗೆ ಬುಟ್ಟಿಯ ಕೆಳಗೆ ಕಾವಿಗೆ ಕೂರಿಸಿದ್ದ ಕೋಳಿಯೊಂದಿತ್ತು. ಸ್ವಲ್ಪ ಹೊತ್ತಿನಲ್ಲಿ ಅದರ ಕೂಗು ನಿಂತಿತು.

ಸಣ್ಣಸ್ವಾಮಿ ಎದ್ದ. ಮುರಿದ ಕೈ ಜೋತಾಡುತ್ತಿತ್ತು. ಇನ್ನೊಂದು ಕೈಯಲ್ಲಿ ಹೆಂಡತಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ದಾರಿಗೆ ಇಳಿಯುವ ಮೊದಲು ದೇರಪ್ಪನ ಕಡೆ ತಿರುಗಿದ.

"ನಿಮ್ ಮನೇಲೂ ಜನ ಅವ್ರೆ, ಸಾಹುಕಾರ್ರೇ."

ಶಾಪದ ಹಾಗೆ ಹೇಳಲಿಲ್ಲ. ಸುಮ್ಮನೆ ನೆನಪು ಮಾಡಿದ ಹಾಗೆ ಹೇಳಿದ.

ಊರು ಉಳಿಯಿತು ಎಂದು ಎಲ್ಲರೂ ಅಂದುಕೊಂಡರು. ಮತ್ತೆ ಬೇಟೆಗೆ ಹೋದರು. ಕರಿಯ ಮತ್ತು ಚೂರಿ ಮೈತುಂಬ ಉಣುಗು ಹೊತ್ತು ಬಂದವು. ದೇರಪ್ಪನ ಅಂಗೈಯ ಗಾಯ ಇನ್ನೂ ಮಾಯ್ದಿರಲಿಲ್ಲ, ಚಲುವಮ್ಮ ಇರಲಿಲ್ಲ. "ನಾನೇ ಮಾಡ್ತೇನೆ ಅಪ್ಪ" ಎಂದು ಯಮುನ ಕೂತಳು. ಕರಿಯನ ತಲೆಯನ್ನು ಮಡಿಲಿಗೆ ಇಟ್ಟುಕೊಂಡು ಒಂದೊಂದೇ ಒಡೆದಳು. ಮುಖಕ್ಕೆ ಬಿದ್ದ ಕೂದಲನ್ನು ಅದೇ ಕೈಯಿಂದ ಕಿವಿಯ ಹಿಂದೆ ಸರಿಸಿಕೊಂಡಳು. ಚಲುವಕ್ಕ ಈಗ ಎಲ್ಲಿರಬಹುದು ಎಂದು ಒಮ್ಮೆ ಕೇಳಿದಳು. ದೇರಪ್ಪ ಕೇಳಿಸದವನಂತೆ ಎದ್ದು ಹೋದ.

ವಾರ ಕಳೆಯುವಷ್ಟರಲ್ಲಿ ಯಮುನಳಿಗೂ ಜ್ವರ ಬಂತು. ಮೊದಲು ತಲೆ ಸಿಡಿಯುತ್ತದೆ ಎಂದಳು. ಆಮೇಲೆ ಮಾತು ತಪ್ಪತೊಡಗಿತು. ಮಣಿಕಟ್ಟಿನಲ್ಲಿ ಕೆಂಪು ಚುಕ್ಕೆಗಳೆದ್ದು ಅಂಗೈಗೆ ಇಳಿದವು. ಹೊನ್ನಮ್ಮ ಬೇವಿನ ಸೊಪ್ಪು ಹಾಸಿ ಮಲಗಿಸಿದಳು. ಗಂಡನ ಮುಖವನ್ನು ಅವಳು ನೋಡಲೇ ಇಲ್ಲ. 

ಸುದ್ದಿ ಮುಚ್ಚಿಡುವುದು ಆಗಲಿಲ್ಲ. ಬೋಜಪ್ಪ ಮತ್ತು ಅದೇ ಜನ ಬಂದರು. ಈ ಸಲ ಅಂಗಳಕ್ಕೂ ಇಳಿಯದೆ ಗೇಟಿಗೆ ಅಡ್ಡ ಹಾಕಿದ್ದ ಉಣುಗೋಲಿನ ಆಚೆಯೇ ನಿಂತರು.

"ದೇರಪ್ಪಣ್ಣ, ಗೂಡೆನ ಕಾಡಿನ ಅಂಚಿನ ಗುಡಿಸಲಿಗೆ ಸಾಗಿಸೊಕು. ನಮಗೂ ಮಕ್ಕ ಉಟ್ಟು."

ದೇರಪ್ಪ ಕೋವಿ ಎತ್ತಿದ. "ಗೇಟು ದಾಟಿದವನ ಎದೆ ಒಡೀತೇನೆ!"

"ಒಡೆಯಿರಿ. ಅಂದು ಆ ಹೆಂಗಸಿನ ಮನೆ ಮುಂದೆ ನೀವೇ ಮೊದಲು ನಿಂತದ್ದು. ಅವಳ ಗಂಡ ಕತ್ತಿ ಎತ್ತಿದಾಗ ನೀವು ಎಂತ ಮಾಡಿದಿರಿ, ಹೇಳಿ?"

 ಸಣ್ಣಸ್ವಾಮಿ ನಿಂತಿದ್ದ ಜಾಗದಲ್ಲಿ ತಾನು ನಿಂತಿದ್ದೇನೆ ಎಂದು ದೇರಪ್ಪನಿಗೆ ಹೊಳೆದದ್ದು ಆಗ. ಕೋವಿಯನ್ನು ಅಂಗಳಕ್ಕೆ ಎಸೆದು ಎತ್ತಿನ ಗಾಡಿ ಕಟ್ಟಿದ. ಹೊನ್ನಮ್ಮ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದೆ ಕೂತಳು. ನಾಪೋಕ್ಲಿನಲ್ಲಿ ಬಸ್ಸಿನವರು ಚುಕ್ಕೆ ಕಂಡು ಹತ್ತಿಸಿಕೊಳ್ಳಲಿಲ್ಲ. ಮರ ಸಾಗಿಸುವ ಲಾರಿಯವನೊಬ್ಬ ಹಿಂದೆ ದಿಮ್ಮಿಗಳ ಮೇಲೆ ಮಲಗಿಸಲು ಒಪ್ಪಿದ.

ಮಡಿಕೇರಿ ಆಸ್ಪತ್ರೆಯ ವರಾಂಡದಲ್ಲಿ ಮಗಳನ್ನು ಹೊತ್ತು ಓಡುತ್ತಿದ್ದ ದೇರಪ್ಪ ಥಟ್ಟನೆ ನಿಂತ. ಗೋಡೆಗೆ ಒರಗಿ ಸಣ್ಣಸ್ವಾಮಿ ಕೂತಿದ್ದ. ಕೈಗೆ ಪಟ್ಟಿ ಕಟ್ಟಿದ್ದರು. ಯಮುನಳನ್ನು ಒಳಗೆ ಮಂಚಕ್ಕೆ ಹಾಕಿ ದೇರಪ್ಪ ಹೊರಗೆ ಬರುವುದನ್ನೇ ಕಾದಂತೆ ಸಣ್ಣಸ್ವಾಮಿ ಎದ್ದ. ನಾಲ್ಕು ಜನರ ಎದುರಿಗೆ, ಸರಿಯಿದ್ದ ಕೈಯಿಂದ ಅವನ ಕೆನ್ನೆಗೆ ಬಾರಿಸಿದ. ಮತ್ತೊಮ್ಮೆ ಬಾರಿಸಿದ. ದೇರಪ್ಪನ ತುಟಿ ಒಡೆದು ಬಾಯಿಗೆ ಉಪ್ಪು ರುಚಿ ಬಂತು. ಅವನು ಕೈ ಎತ್ತಲಿಲ್ಲ.

"ಅವಳು...?" ಎಂದಷ್ಟೇ ಕೇಳಿದ.

"ಬದುಕವ್ಳೆ. ನೀವು ಓಡಿಸಿದ್ರಿಂದ ಬದುಕವ್ಳೆ. ನಿಮ್ಮೂರಲ್ಲೇ ಇದ್ದಿದ್ರೆ ಬೇವಿನ ಸೊಪ್ಪಲ್ಲೇ ಸತ್ತೋಗವಳು." ಸಣ್ಣಸ್ವಾಮಿ ಏದುಸಿರು ಬಿಡುತ್ತಿದ್ದ. ಬಾಗಿಲಿನಿಂದ ಯಮುನಳ ಕಡೆ ನೋಡಿದ. ಅವನ ದನಿ ಇಳಿಯಿತು. "ನಿಮ್ ನಾಯಿ ಉಣುಗು ಒಡೆದವ್ಳಾ ಅಂತ ಡಾಕ್ಟ್ರು ಕೇಳ್ತಾರೆ. ಹೌದು ಅನ್ನಿ. ಮುಚ್ಚಿಡಬ್ಯಾಡಿ."

ಡಾಕ್ಟರು ಯಮುನಳ ಅಂಗೈ, ಅಂಗಾಲು ನೋಡಿದರು. ಕಂಕುಳು ನೋಡಿದರು. ಕೊನೆಗೆ ಕಿವಿಯ ಹಿಂದಿನ ಕೂದಲು ಸರಿಸಿ ದೇರಪ್ಪನನ್ನು ಕರೆದರು. ಬೀಡಿಯ ತುದಿಯಿಂದ ಸುಟ್ಟಂತೆ ಅಲ್ಲೊಂದು ಕಪ್ಪು ಹಕ್ಕಳೆ ಇತ್ತು.

"ಇಲ್ಲಿ ಉಣುಗು ಕಚ್ಚಿದೆ. ಇದು ಸಿಡುಬಲ್ಲ. ಉಣುಗಿನ ಮೈಯೊಳಗೆ ಕಣ್ಣಿಗೆ ಕಾಣದ ರೋಗಾಣು ಇರುತ್ತದೆ. ಕಚ್ಚಿದರೂ ಜ್ವರ ಬರುತ್ತದೆ. ಒಡೆದಾಗ ಅದರ ರಕ್ತ ಗಾಯಕ್ಕೋ ಕಣ್ಣಿಗೋ ತಾಗಿದರೂ ಬರುತ್ತದೆ."

"ಚಲುವಮ್ಮನಿಂದ ಇವಳಿಗೆ ಅಂಟಿದ್ದು ಅಲ್ಲವಾ?"

"ಅಲ್ಲ. ಮುಟ್ಟಿದರೆ, ಜೊತೆಗೆ ಕೂತರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಬರುವ ಜ್ವರ ಇದಲ್ಲ. ಇಬ್ಬರಿಗೂ ಬಂದದ್ದು ನಿಮ್ಮ ನಾಯಿಗಳ ಉಣುಗಿನಿಂದ. ಈಗ ಇದಕ್ಕೆ ಒಳ್ಳೆಯ ಔಷಧ ಬಂದಿದೆ, ಆದರೆ ತಡವಾಗಬಾರದು. ನೀವು ತಡ ಮಾಡಿದ್ದೀರಿ."

"ನಾನು ಹುಟ್ಟಿದಾಗಿಂದ ಒಡೀತಿದ್ದೇನೆ ಡಾಕ್ಟ್ರೇ. ನನಗೆ ಯಾಕೆ ಬರಲಿಲ್ಲ?"

"ಸಣ್ಣಂದಿನಲ್ಲಿ ಬಂದು ಹೋಗಿರಬಹುದು. ಕೆಲವರು ಉಳಿದುಕೊಳ್ಳುತ್ತಾರೆ."

ದೇರಪ್ಪ ಮಂಚದ ಕಾಲು ಹಿಡಿದು ಕೆಳಗೆ ಕೂತ. ಹುಡುಗನಾಗಿದ್ದಾಗ ಅಣ್ಣ ಪದ್ಮಯ್ಯನೂ ಅವನೂ ಒಟ್ಟಿಗೆ ಮಲಗಿದ್ದರು, ಒಂದೇ ಕಂಬಳಿಯೊಳಗೆ, ಮೈ ಸುಡುವ ಜ್ವರದಲ್ಲಿ. ಬೇಟೆಜ್ವರ ಎಂದಿದ್ದ ಅಜ್ಜ. ಕಾಡಿನ ದೈವ ಮುನಿದಿದೆ ಎಂದು ಕೋಳಿ ಕುಯ್ದಿದ್ದ. ದೇರಪ್ಪ ಎದ್ದ, ಪದ್ಮಯ್ಯ ಏಳಲಿಲ್ಲ. ಕಂಬಳಿಯಿಂದ ಹೊರಗೆ ಚಾಚಿದ್ದ ಅಣ್ಣನ ಅಂಗೈ ಈಗ ಕಣ್ಣ ಮುಂದೆ ಬಂತು. ಅದರ ತುಂಬ ಕೆಂಪು ಚುಕ್ಕೆ. ಅದರ ಹಿಂದಿನ ವಾರ ಜಗಲಿಯಲ್ಲಿ ಇಬ್ಬರೂ ಪಂತ ಕಟ್ಟಿಕೊಂಡು ಉಣುಗು ಒಡೆದಿದ್ದರು.

ಯಮುನಳ ಜೀವ ಹೋಗುತ್ತದೆ, ಉಳಿಯುತ್ತದೆ ಎನ್ನುವ ಹಾಗೆ ಜೋಲಾಡಿತು. ಆಮೇಲೆ ಒಂದು ಬೆಳಿಗ್ಗೆ ಅವಳು ಕಣ್ಣು ಬಿಟ್ಟು ಗಂಜಿ ಬೇಡಿದಳು. ಗಂಜಿಯ ಲೋಟ ಹಿಡಿದು ಬಂದವಳು ಚಲುವಮ್ಮ. ಕಡ್ಡಿಯ ಹಾಗಾಗಿದ್ದಳು. ಹೊನ್ನಮ್ಮ ಎದ್ದು ಆ ಎರಡು ಕೈಗಳನ್ನು ಹಿಡಿದುಕೊಂಡು ಅತ್ತಳು. ಬಾಗಿಲಲ್ಲಿದ್ದ ದೇರಪ್ಪನಿಗೆ ಒಳಗೆ ಕಾಲಿಡಲು ಆಗಲಿಲ್ಲ.

ಹೊರಡುವ ದಿನ ಅವನು ಸಣ್ಣಸ್ವಾಮಿಯ ಎದುರು ನಿಂತ. "ವಾಪಸ್ ಬನ್ನಿ. ಹೆಂಚು ಹೊದಿಸಿ ಮನೆ ಕಟ್ಟಿ ಕೊಡ್ತೇನೆ."

"ಮನೆ ಕಟ್ಟಬೌದು ಸಾಹುಕಾರ್ರೇ. ಅದ್ರೊಳಗೆ ನಿದ್ದೆ ಬರಬೇಕಲ್ಲ?" ಎಂದ ಸಣ್ಣಸ್ವಾಮಿ. ಕುಶಾಲನಗರದ ಹತ್ತಿರ ನೆಂಟ ಕೃಷ್ಣಪ್ಪನ ಹೊಲವಿತ್ತು. ಗಂಡ ಹೆಂಡತಿ ಆ ಕಡೆಯ ಬಸ್ಸು ಹತ್ತಿದರು.

ಊರಿಗೆ ಬಂದು ದೇರಪ್ಪ ಎಲ್ಲರಿಗೂ ಹೇಳಿದ. ಕೆಲವರು ತಲೆ ಆಡಿಸಿದರು. ಬೋಜಪ್ಪ ನಕ್ಕ. "ಗೂಡೆ ಬೇವಿನ ಸೊಪ್ಪಿಂದ ಬದುಕಿದ್ದು, ದೇರಪ್ಪಣ್ಣ. ಉಣುಗಿಂದ ಮನುಷ್ಯ ಸಾಯೋದಾದ್ರೆ ಈ ಊರಲ್ಲಿ ಯಾರೂ ಇರ್ತಿರಲಿಲ್ಲೆ."  ದೇರಪ್ಪ ಬಿದಿರು ಸೀಳಿ ಒಂದು ಚಿಮಟ ಮಾಡಿಕೊಂಡ. ಉಣುಗು ಹೆಕ್ಕುವಾಗ ಬೆರಳಿಗೆ ಬಟ್ಟೆ ಸುತ್ತುತ್ತಿದ್ದ, ಚರ್ಮದ ಹತ್ತಿರಕ್ಕೆ ಹಿಡಿದು ನೇರವಾಗಿ ಎಳೆದು ಸೀಮೆಎಣ್ಣೆ ಸುರಿದ ತೆಂಗಿನ ಚಿಪ್ಪಿಗೆ ಹಾಕುತ್ತಿದ್ದ. ನಾಯಿಗಳ ಮೂಗಿಗೆ ಏನೂ ಆಗಲಿಲ್ಲ. ಸುಟ್ಟ ಮನೆಯ ಮಣ್ಣಿನ ಗೋಡೆ ಮಾತ್ರ ಮಳೆಗೆ ಕರಗುತ್ತ ನಿಂತಿತ್ತು. ಅದನ್ನು ಕೆಡವಲು ಅವನು ಯಾರನ್ನೂ ಬಿಡಲಿಲ್ಲ.

ಮರುವರ್ಷ ಬೇಟೆಯ ಕಾಲಕ್ಕೆ ಬೋಜಪ್ಪನ ತೋಟದ ಆಳುಗಳ ಲೈನುಮನೆಯಲ್ಲಿ ಕಾಳಮ್ಮ ಎಂಬ ಮುದುಕಿಗೆ ಜ್ವರ ಬಂತು. ಒಂಟಿ ಹೆಂಗಸು. ಚಳಿಗೆ ಬೋಜಪ್ಪನ ಬೇಟೆನಾಯಿಯನ್ನು ಪಕ್ಕದಲ್ಲೇ ಮಲಗಿಸಿಕೊಳ್ಳುತ್ತಿದ್ದಳು. ಅವಳ ಅಂಗೈಯಲ್ಲೂ ಚುಕ್ಕೆ ಎದ್ದಿತು.

ದೇರಪ್ಪ ಸುದ್ದಿ ಕೇಳಿ ಓಡಿದ. ಕೋವಿ ತೆಗೆಯಲಿಲ್ಲ. ಅವನು ಅವಳ ಹೊಸ್ತಿಲು ಮುಟ್ಟಿದಾಗ ಬೋಜಪ್ಪ ಮತ್ತು ಅದೇ ಜನ ಎದುರಿನ ಏರಿ ಇಳಿದು ಬರುತ್ತಿದ್ದರು. ಬೋಜಪ್ಪನ ಒಂದು ಕೈಯಲ್ಲಿ ದೊಣ್ಣೆ, ಇನ್ನೊಂದರಲ್ಲಿ ಸೀಮೆಎಣ್ಣೆಯ ಡಬ್ಬ.

"ಸರಿಯಿರಿ, ದೇರಪ್ಪಣ್ಣ. ನಿಮ್ಮ ಆಳಲ್ಲ, ನನ್ನ ಆಳು."

"ಹಾಂಗಾದ್ರೆ ಆಸ್ಪತ್ರೆಗೆ ನೀನೇ ಕರ್ಕೊಂಡು ಹೋಕು."

"ಸರಿಯಿರಿ ಅಂದೆ!"

ದೊಣ್ಣೆ ದೇರಪ್ಪನ ಭುಜದ ಮೇಲೆ ಬಿತ್ತು. ಅವನು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. ಇನ್ನೊಂದು ಏಟಿಗೆ ಕಿವಿ ಹರಿದು ರಕ್ತ ಕುತ್ತಿಗೆಗೆ ಇಳಿಯಿತು. ಹೊಸ್ತಿಲಲ್ಲೇ ಕೂತ. ಅಲ್ಲಿಂದ ಕದಲಲಿಲ್ಲ.

"ಹೊಡಿ. ನಾನು ಹೊಡೆದದ್ದಕ್ಕೆ ಲೆಕ್ಕ ಇನ್ನೂ ಮುಗಿದಿಲ್ಲೆ. ಹೊಡೆದಾದ ಮೇಲೆ ಇಲ್ಲಿ ನೋಡು."

ಅವನು ಹಿಂದಕ್ಕೆ ಕೈ ಚಾಚಿ ಹೊಸ್ತಿಲ ಒಳಗೇ ಮಲಗಿದ್ದ ಕಾಳಮ್ಮನ ಹಣೆ ಮುಟ್ಟಿದ. ಚುಕ್ಕೆ ತುಂಬಿದ ಅವಳ ಅಂಗೈಯನ್ನು ಎತ್ತಿ ತನ್ನ ಕೆನ್ನೆಗೆ ಒತ್ತಿಕೊಂಡ. ಎತ್ತಿದ ತೋಳಿನ ಕೆಳಗೆ ಕಪ್ಪು ಕಲೆಯೊಂದು ಅವನಿಗೆ ಕಂಡಿತು. ಬಂದವರಲ್ಲಿ ಒಬ್ಬ "ಅಯ್ಯೋ" ಎಂದು ಹಿಂದೆ ಸರಿದ. ದೇರಪ್ಪ ಆ ಕೈಯನ್ನು ಬಿಡಲಿಲ್ಲ.

"ಇವಳ ಕಂಕುಳಲ್ಲಿ ಕಪ್ಪು ಹಕ್ಕಳೆ ಉಟ್ಟು. ನನ್ನ ಯಮುನಂಗೆ ಕಿವಿ ಹಿಂದೆ ಇತ್ತ್. ಆಸ್ಪತ್ರೆಲಿ ಔಷಧಿ ಉಟ್ಟು, ಬೋಜಪ್ಪ. ತಡ ಮಾಡಿದ್ರೆ ಮಾತ್ರ ಇಲ್ಲೆ."

 ಮುದುಕಿ ಒಮ್ಮೆ ನರಳಿ, ನೀರು ಎಂದಳು. ಬೋಜಪ್ಪನ ದೊಣ್ಣೆ ಮೆಲ್ಲನೆ ಇಳಿಯಿತು. ಅವನು ಹಿಂದಿರುಗಿ ನೋಡದೆ, "ಗಾಡಿ ಕಟ್ಟಿ. ಒಣಹುಲ್ಲು ಹಾಸಿ," ಎಂದ. ಇಬ್ಬರು ಓಡಿದರು.

ಉಳಿದವರು ಗಾಡಿಗೆ ಕಾದರು. ಬೋಜಪ್ಪನ ನಾಯಿ ಎಲ್ಲರ ಕಾಲು ಮೂಸಿ ಬಂದು ದೇರಪ್ಪನ ಪಕ್ಕ ಮಲಗಿತು. ಅದರ ಕಿವಿಯ ಒಳಗೆಲ್ಲ ಉಣುಗು ಉಬ್ಬಿ ಕೂತಿತ್ತು. ದೇರಪ್ಪ ಕೈ ಚಾಚಿದ.

"ಆ ಡಬ್ಬ ಕೊಡು."

ಬೋಜಪ್ಪ ಕೊಟ್ಟ. ದೇರಪ್ಪ ಕಾಳಮ್ಮನ ಒಲೆಯ ಹತ್ತಿರ ಬಿದ್ದಿದ್ದ ತೆಂಗಿನ ಚಿಪ್ಪಿಗೆ ಒಂದಿಷ್ಟು ಸೀಮೆಎಣ್ಣೆ ಸುರಿದ. ಸೊಂಟದಿಂದ ಬಿದಿರಿನ ಚಿಮಟ ತೆಗೆದ. ಹರಿದ ಕಿವಿಯಿಂದ ರಕ್ತ ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ ಒಂದೊಂದೇ ಉಣುಗನ್ನು ಎಳೆದು ಚಿಪ್ಪಿಗೆ ಹಾಕತೊಡಗಿದ.

ಬೋಜಪ್ಪ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಹೆಗಲ ವಸ್ತ್ರದ ಅಂಚನ್ನು ಹರಿದು ಒಂದು ತುಂಡನ್ನು ದೇರಪ್ಪನ ಕಿವಿಗೆ ಒತ್ತಿದ. ಇನ್ನೊಂದನ್ನು ತನ್ನ ಬೆರಳುಗಳಿಗೆ ಸುತ್ತಿಕೊಂಡು, ನಾಯಿಯ ಇನ್ನೊಂದು ಕಿವಿಯ ಕಡೆ ಬಂದು ಕೂತ.